ತಿದ್ದುವುದೂ ಒಂದು ವಿದ್ಯೆ

ಜೋಗುಪಾಳ್ಯದ ನಿವಾಸಿಗಳಿಗೆ ಹಲಸೂರು ಮೆಟ್ರೋ ನಿಲ್ದಾಣವು ಸಮೀಪದ್ದು. 2011ರ ಅಕ್ಟೋಬರ್ 20ರಂದು ಆರಂಭವಾದ ಈ ಮಾರ್ಗದಲ್ಲಿ, ಹಲಸೂರಿನ ಮುಂದಿನ ಟ್ರಿನಿಟಿ ನಿಲ್ದಾಣದ ಬಳಿ, 2018ರ ಡಿಸೆಂಬರಿನಲ್ಲಿ ಕಂಬವೊಂದರ ಮೇಲಣ ಕಾಂಕ್ರೀಟ್ ತೊಲೆಯಲ್ಲಿ ಜೇನುಗೂಡಿನಂತಹ ಪೊಳ್ಳುಗಳು ಕಂಡುಬಂದುವು. ತೊಲೆಗೆ ಆಸರೆ ಕೊಟ್ಟು, ಆ ತಿಂಗಳ ಕೊನೆಯಲ್ಲಿ ಇಂದಿರಾನಗರಕ್ಕೂ ಮಹಾತ್ಮ ಗಾಂಧಿ ರಸ್ತೆಗೂ ನಡುವೆ ರೈಲು ಸಂಚಾರವನ್ನೇ ನಿಲ್ಲಿಸಿ ದುರಸ್ತಿ ಮಾಡಬೇಕಾಯಿತು. ಕಾಂಕ್ರೀಟಿನಲ್ಲಿ ಉಳಿದ ದೋಷವನ್ನು ತಿದ್ದುವುದು ಎಷ್ಟು ಪ್ರಯಾಸಕರವೆಂಬುದಕ್ಕೆ ಇದೊಂದು ನಿದರ್ಶನ.

ಇಂದಿನ ಎಂಜಿನಿಯರುಗಳು ಕಟ್ಟಡವನ್ನು ನೆಲದ ಮೇಲೆ ಕಟ್ಟುವ ಮೊದಲು ಗಣಕಯಂತ್ರದಲ್ಲಿ ಅದರ ಮಾದರಿಯನ್ನು ಕಟ್ಟುತ್ತಾರೆ. ಕಂಬಿಗಳು ತೀರ ಒತ್ತಾಗಿದ್ದು ಕಾಂಕ್ರೀಟು ಒಳಹೋಗದಿರುವುದು ಇಂತಹ ಪೊಳ್ಳುಗಳಿಗೆ ಒಂದು ಸಾಮಾನ್ಯ ಕಾರಣ. ಕೆಲಸಗಾರರ ಅಜಾಗ್ರತೆಯನ್ನು ಮಾದರಿಯು ತಡೆಯಲಾರದು. ಆದರೆ ಕಂಬಿಗಳ ಇಕ್ಕಟ್ಟನ್ನು ಅದರಲ್ಲಿ ಮುಂಚಿತವಾಗಿಯೇ ಕಾಣಬಹುದು. ಅಲ್ಲಿ ತಿದ್ದುವುದಕ್ಕೆ ಸುತ್ತಿಗೆಯೂ ಬೇಡ, ಆಸರೆಯೂ ಬೇಡ. ಒಂದೆರಡು ಕೀಲಿಗಳನ್ನು ಒತ್ತಿದರೆ ಸಾಕು.

ಈ ಸೌಲಭ್ಯವೇ ಅಪಾಯಕ್ಕೂ ಮೂಲವೆಂಬುದು ನಮ್ಮ ಅಭಿಪ್ರಾಯ. ಕಟ್ಟಡದ ಮಾದರಿಯೆಂದರೆ ಬರಿಯ ಗೆರೆಗಳ ಚಿತ್ರವಲ್ಲ. ಅದರಲ್ಲಿ ಕಿಟಕಿಯು ಗೋಡೆಯನ್ನೂ, ಗೋಡೆಯು ಅಂತಸ್ತನ್ನೂ ಆಶ್ರಯಿಸಿರುತ್ತದೆ. ರೆವಿಟ್ ಮೊದಲಾದ ತಂತ್ರಾಂಶಗಳಲ್ಲಿ ಗೋಡೆಯನ್ನು ಅಳಿಸಿದರೆ ಅದರ ಬಾಗಿಲು ಕಿಟಕಿಗಳೂ ಅದರೊಡನೆ ಹೋಗುತ್ತವೆ. ಹಿಂದಿನ ಹೆಜ್ಜೆಗೆ ಮರಳಿಸುವ ಆಜ್ಞೆಯುಂಟಲ್ಲವೆ ಎಂದು ವಾಚಕರು ಕೇಳಬಹುದು. ಉಂಟು, ನಿಜ. ಆದರೆ ಕಡತವನ್ನು ಮುಚ್ಚಿದೊಡನೆ ಸಾಮಾನ್ಯವಾಗಿ ಆ ನೆನಪು ಅಳಿಯುತ್ತದೆ. ಅಲ್ಲದೆ ಅದು ಕಡೆಯ ಹೆಜ್ಜೆಯಿಂದ ಒಂದೊಂದಾಗಿ ಹಿಂದಕ್ಕೆ ಸಾಗುವುದರಿಂದ, ಹತ್ತು ಹೆಜ್ಜೆಗಳ ಹಿಂದಣ ಒಂದು ತಪ್ಪಿಗಾಗಿ ತರುವಾಯದ ಒಂಬತ್ತು ಒಳ್ಳೆಯ ಕೆಲಸಗಳನ್ನೂ ಬಲಿಗೊಡಬೇಕಾಗುತ್ತದೆ.

ಆದಕಾರಣ ತಿದ್ದುವುದಕ್ಕೂ ಒಂದು ಕ್ರಮ ಬೇಕು. ಮೊದಲು ಮಾದರಿಯ ಪ್ರತಿಯೊಂದನ್ನು ದಿನಾಂಕದೊಡನೆ ಬೇರೆಯಾಗಿ ಕಾಪಾಡಬೇಕು. ಬಳಿಕ, ತಪ್ಪಾದ ಭಾಗವನ್ನು ಏನೇನು ಆಶ್ರಯಿಸಿದೆಯೆಂಬುದನ್ನು ನೋಡಬೇಕು. ಅಳಿಸಿ ಹೊಸದಾಗಿ ರಚಿಸುವುದಕ್ಕಿಂತ ಇದ್ದುದನ್ನೇ ಮಾರ್ಪಡಿಸುವುದು ಲೇಸು. ತಿದ್ದಿದ ಮೇಲೆ ಬಾಗಿಲು, ಕಿಟಕಿ, ಕಂಬಗಳ ಪಟ್ಟಿಯನ್ನು ಹಳೆಯ ಪ್ರತಿಯೊಡನೆ ತಾಳೆ ನೋಡಬೇಕು. ಕೊನೆಯದಾಗಿ, ಏನು ತಪ್ಪಿತು, ಏಕೆ ತಪ್ಪಿತು ಎಂಬುದನ್ನು ಎರಡು ಸಾಲಿನಲ್ಲಿ ಬರೆದಿಡಬೇಕು.

ಈ ಕೊನೆಯ ಕೆಲಸವೇ ಹೆಚ್ಚಾಗಿ ಉಪೇಕ್ಷೆಗೆ ಗುರಿಯಾಗುವುದು. ತಪ್ಪಿನ ಗುರುತನ್ನೆಲ್ಲ ಅಳಿಸಿ ಒಪ್ಪವಾದ ಮಾದರಿಯನ್ನು ಒಪ್ಪಿಸುವುದೇ ಜಾಣತನವೆಂದು ಭಾವಿಸುವ ವಿದ್ಯಾರ್ಥಿಗಳುಂಟು. ದೋಷ ಅವರೊಬ್ಬರದೇ ಅಲ್ಲ. ಕೊನೆಯ ರೂಪಕ್ಕೆ ಮಾತ್ರ ಅಂಕ ಕೊಡುವ ಪದ್ಧತಿಯದೂ ಹೌದು. ತಿದ್ದುಪಡಿಯ ದಾಖಲೆಗೂ ಅಧ್ಯಾಪಕರು ಅಂಕ ಕೊಡಲಿ ಎಂದು ನಾವು ಸೂಚಿಸುತ್ತೇವೆ. ಇಂದು ಮಾದರಿಯಲ್ಲಿ ತಪ್ಪನ್ನು ಮರೆಮಾಚಲು ಕಲಿತ ಕೈಯೇ ನಾಳೆ ನಮ್ಮ ತಲೆಯ ಮೇಲಣ ತೊಲೆಯನ್ನೂ ರಚಿಸುವುದೆಂಬುದನ್ನು ನಾವು ಮರೆಯಬಾರದು.