ಬೆಲ್ಟಿಗೆ ದುಡ್ಡಿದೆ, ಹಲ್ಲಿನ ಗಾರ್ಡಿಗೆ ಇಲ್ಲವೇ?

ರಂಝಾನ್ ರಜೆ ಕಳೆದು ಮದ್ರಸ ತೆರೆದ ದಿನ ನಾಲ್ಕನೇ ತರಗತಿಯ ಹುಡುಗನೊಬ್ಬ ಬಾಯಿಗೆ ಕೈ ಅಡ್ಡ ಹಿಡಿದು ಕುಳಿತಿದ್ದ. ಓದು ಅಂದರೆ ಓದಲ್ಲ. ಸ್ವಲ್ಪ ಗದರಿದ ಮೇಲೆ ಓದಿದ, ಆದರೆ ‘ಫಾ’ ಅಕ್ಷರ ಸರಿಯಾಗಿ ಹೊರಡುತ್ತಿಲ್ಲ. ಮೇಲಿನ ಮುಂದಿನ ಹಲ್ಲು ಕೆಳತುಟಿಗೆ ತಾಗಿದರೆ ತಾನೇ ‘ಫಾ’ ಬರುವುದು? ಹುಡುಗನಿಗೆ ಆ ಹಲ್ಲೇ ಇರಲಿಲ್ಲ. ಪ್ರಾಯ ಹತ್ತು ವರ್ಷ. ಹೋದದ್ದು ಹಾಲುಹಲ್ಲಲ್ಲ, ಶಾಶ್ವತ ಹಲ್ಲು.

ಕರಾಟೆ ಕ್ಲಾಸಿನಲ್ಲಿ ಫೈಟ್ ಮಾಡುವಾಗ ಎದುರಿನ ಹುಡುಗನ ಮುಷ್ಟಿ ತಾಗಿದ್ದಂತೆ. ಬಿದ್ದ ಹಲ್ಲನ್ನು ಯಾರೋ ಚೆನ್ನಾಗಿ ಉಜ್ಜಿ ತೊಳೆದು ಕರವಸ್ತ್ರದಲ್ಲಿ ಕಟ್ಟಿ ಕೊಟ್ಟರು. ಮನೆಯವರು ಡಾಕ್ಟರ ಹತ್ತಿರ ಹೋದದ್ದು ಮಗ್ರಿಬ್ ಕಳೆದು. ಅಷ್ಟರಲ್ಲಿ ಹಲ್ಲು ಒಣಗಿತ್ತು. ಇನ್ನು ದವಡೆ ಪೂರ್ತಿ ಬೆಳೆಯುವವರೆಗೆ, ಅಂದರೆ ಸುಮಾರು 18 ವರ್ಷದವರೆಗೆ, ಸ್ಕ್ರೂ ಹಾಕಿ ಕೂರಿಸುವ ಹಲ್ಲು ಕೂಡಾ ಆಗುವುದಿಲ್ಲ. ಅಲ್ಲಿವರೆಗೆ ತೆಗೆದಿಡುವ ಹಲ್ಲೇ ಗತಿ.

ಇದನ್ನು ಉಮ್ಮಂದಿರು ನೆನಪಿಟ್ಟುಕೊಳ್ಳಬೇಕು. ಶಾಶ್ವತ ಹಲ್ಲು ಬುಡಸಮೇತ ಬಿದ್ದರೆ ಬೇರಿನ ಭಾಗ ಮುಟ್ಟಬಾರದು, ಉಜ್ಜಬಾರದು. ಮೇಲಿನ ಬಿಳಿ ಭಾಗ ಹಿಡಿದು, ಕೊಳೆ ಇದ್ದರೆ ಮೆಲ್ಲಗೆ ತೊಳೆದು, ತಣ್ಣನೆಯ ಹಾಲಿನಲ್ಲಿ ಹಾಕಿ ದಂತ ವೈದ್ಯರ ಹತ್ತಿರ ಓಡಬೇಕು. ಅರ್ಧ ಗಂಟೆಯೊಳಗೆ ತಲುಪಿದರೆ ಅದೇ ಹಲ್ಲನ್ನು ಮತ್ತೆ ಕೂರಿಸುವ ಅವಕಾಶ ಹೆಚ್ಚು. ದೇರಳಕಟ್ಟೆ ಸುತ್ತ ದಂತ ಕಾಲೇಜುಗಳಿರುವ ಜಿಲ್ಲೆ ನಮ್ಮದು, ಆದರೂ ಈ ವಿಷಯ ಮನೆ ತಲುಪಿಲ್ಲ.

ಹಾಗಂತ ನಾವು ಕರಾಟೆಗೆ ವಿರೋಧ ಅಲ್ಲ. ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಕಲಿಯಲಿ. ನಮ್ಮ ತಕರಾರು ಬೇರೆ. ಡ್ರೆಸ್ಸಿಗೆ, ಬೆಲ್ಟ್ ಪರೀಕ್ಷೆಗೆ, ಟೂರ್ನಮೆಂಟ್ ಎಂಟ್ರಿಗೆ, ಪದಕ ಹಾಕಿದ ಫೋಟೊ ಇರುವ ಫ್ಲೆಕ್ಸಿಗೆ ದುಡ್ಡು ಹೊರಡುತ್ತದೆ. ಬಿಸಿನೀರಿನಲ್ಲಿ ಅದ್ದಿ, ಬಾಯಿಗಿಟ್ಟು ಕಚ್ಚಿದರೆ ನಮ್ಮ ಹಲ್ಲಿನ ಅಚ್ಚಿಗೇ ಕೂರುವ ಮೌತ್ ಗಾರ್ಡ್ ಕೆಲವು ನೂರು ರೂಪಾಯಿಯೊಳಗೆ ಸಿಗುತ್ತದೆ. ಅದನ್ನು ಕೇಳುವವರಿಲ್ಲ. ಅಂತಾರಾಷ್ಟ್ರೀಯ ಕರಾಟೆ ಸ್ಪರ್ಧೆಯಲ್ಲಿ ಮೌತ್ ಗಾರ್ಡ್, ಗ್ಲೌಸ್, ಮೊಣಕಾಲ ಕೆಳಗಿನ ಶಿನ್ ಗಾರ್ಡ್ ಕಡ್ಡಾಯ. ಟೇಕ್ವಾಂಡೋದಲ್ಲಿ ಎದೆಯ ಗಾರ್ಡ್, ಹೆಡ್ ಗಾರ್ಡ್ ಇಲ್ಲದೆ ಅಂಕಣಕ್ಕೇ ಬಿಡುವುದಿಲ್ಲ. ದೊಡ್ಡವರಿಗೇ ಹೀಗಿರುವಾಗ ನಮ್ಮ ಪುಟ್ಟ ಮಕ್ಕಳನ್ನು ಬರಿಗೈ ಬರಿಬಾಯಿಯಲ್ಲಿ ಹೊಡೆದಾಡಿಸುವುದು ಯಾವ ಲೆಕ್ಕ? ಗಂಡುಮಕ್ಕಳಿಗೆ ಕ್ರಿಕೆಟಿನವರು ಹಾಕುವಂಥ ಗಾರ್ಡ್ ಕೂಡಾ ಬೇಕು. ನಾಚಿಕೆಯಿಂದ ಮಕ್ಕಳು ಕೇಳುವುದಿಲ್ಲ, ತಂದೆಯೇ ತಂದುಕೊಡಬೇಕು.

ಹೆಡ್ ಗಾರ್ಡ್ ಹಾಕಿದರೆ ತಲೆಗೆ ಏನೂ ಆಗುವುದಿಲ್ಲ ಎಂದು ತಿಳಿಯಬಾರದು. ಅದು ಚರ್ಮ ಒಡೆಯುವುದನ್ನು ತಡೆಯುತ್ತದೆ, ಒಳಗೆ ಮಿದುಳು ಅಲುಗುವುದನ್ನು ತಡೆಯುವ ಖಾತ್ರಿ ಇಲ್ಲ. 2016ರ ರಿಯೊ ಒಲಿಂಪಿಕ್ಸಿನಲ್ಲಿ ಗಂಡಸರ ಬಾಕ್ಸಿಂಗಿನಿಂದ ಅದನ್ನು ತೆಗೆದೇ ಹಾಕಿದ್ದರು. ತಲೆಗೆ ಪೆಟ್ಟು ಬಿದ್ದ ಮಗು ವಾಂತಿ ಮಾಡಿದರೆ, ಮಂಕಾದರೆ, ‘ನೀರು ಕುಡಿ, ಎದ್ದು ನಿಲ್ಲು’ ಅನ್ನಬಾರದು. ಅವತ್ತಿನ ಕ್ಲಾಸ್ ಅಲ್ಲಿಗೇ ಮುಗಿಸಿ ಆಸ್ಪತ್ರೆಗೆ ಒಯ್ಯಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿ ನಮಗೆ ಹೆದರಿಕೆ ಶಾಲಿನ ಪಿನ್ನಿನದ್ದು. ಗಂಟಲ ಹತ್ತಿರ, ಕಿವಿಯ ಹತ್ತಿರ ಪಿನ್ ಚುಚ್ಚಿಕೊಂಡೇ ಒದೆಯಲು ನಿಲ್ಲುತ್ತಾರೆ. ಒಂದು ಏಟು ಅಲ್ಲಿಗೆ ತಾಗಿದರೆ? ಪಿನ್ ಬೇಡದ, ತಲೆಯಿಂದ ಹಾಕಿಕೊಳ್ಳುವ ಸ್ಕಾರ್ಫ್ ಅಂಗಡಿಗಳಲ್ಲಿ ಬೇಕಾದಷ್ಟಿದೆ. ವಿಶ್ವ ಕರಾಟೆ ಫೆಡರೇಶನ್ ಕೂಡಾ ಸ್ಕಾರ್ಫಿಗೆ ಅನುಮತಿ ಕೊಟ್ಟಿದೆ.

ನಮ್ಮವರ ಇನ್ನೊಂದು ಅಭ್ಯಾಸ, ಬೆಳೆಯುವ ಮಗು ಅಂತ ಎಲ್ಲವನ್ನೂ ಒಂದು ಸೈಜ್ ದೊಡ್ಡದು ತರುವುದು. ಪೆರ್ನಾಳ್ ಅಂಗಿಗೆ ಅದು ನಡೆಯುತ್ತದೆ. ದೊಡ್ಡ ಶಿನ್ ಗಾರ್ಡ್ ಒದೆಯುವಾಗ ತಿರುಗಿಕೊಂಡು ಮೂಳೆಯನ್ನು ಬರಿದಾಗಿ ಬಿಡುತ್ತದೆ. ಗಲ್ಫಿನಿಂದ ಮಾವ ಬರುವಾಗ ಚಾಕಲೇಟಿನ ಬದಲು ಗಾರ್ಡ್ ತರಿಸುವುದಾದರೂ ಅಳತೆ ಕಳಿಸಿ ತರಿಸಿ. ಮಳೆಗಾಲದಲ್ಲಿ ಬೆವರಿದ ಗ್ಲೌಸನ್ನು ಬ್ಯಾಗಿನಲ್ಲೇ ಬಿಟ್ಟರೆ ಎರಡೇ ದಿನಕ್ಕೆ ಬೂಸ್ಟು. ಒರೆಸಿ ಫ್ಯಾನಿನಡಿ ಇಡಬೇಕು. ಮೌತ್ ಗಾರ್ಡನ್ನಂತೂ ಅಣ್ಣ ತಮ್ಮ ಹಂಚಿಕೊಳ್ಳುವುದು ಬೇಡವೇ ಬೇಡ.

ಒಬ್ಬರು ಮಾಸ್ಟರ್ ನಮ್ಮಲ್ಲಿ ವಾದ ಮಾಡಿದರು: “ಉಸ್ತಾದರೇ, ಗಾರ್ಡ್ ಹಾಕಿದರೆ ಮಕ್ಕಳಿಗೆ ಧೈರ್ಯ ಬರಲ್ಲ.” ಉಹುದ್‌ನಲ್ಲಿ ಪ್ರವಾದಿ(ಸ)ಯವರು ಒಂದರ ಮೇಲೊಂದು ಎರಡು ಕವಚ ತೊಟ್ಟಿದ್ದರು, ತಲೆಗೆ ಶಿರಸ್ತ್ರಾಣವಿತ್ತು ಎಂದು ನಾವು ಹೇಳಿದೆವು. ಅವರಿಗೆ ಧೈರ್ಯ ಕಡಿಮೆ ಇತ್ತೇ? ಅದೇ ದಿನ ಅವರ ಹಲ್ಲು ಮುರಿದದ್ದನ್ನು ಮಕ್ಕಳಿಗೆ ಪಾಠ ಮಾಡುವವರು ನಾವೇ. ಮುಖಕ್ಕೆ ಹೊಡೆಯಬೇಡಿ ಎಂದು ಕಲಿಸಿದವರೂ ಅವರೇ. ಮಾಸ್ಟರ್ ಸುಮ್ಮನಾದರು, ಒಪ್ಪಿದರೋ ಗೊತ್ತಿಲ್ಲ.

ಕ್ಲಾಸಿಗೆ ಹಾಲ್ ಕೊಡುವ ಜಮಾಅತ್ ಕಮಿಟಿಯವರಿಗೂ ಒಂದು ಮಾತು. ಮದುವೆಗೆ ಹಾಕಿದ ಗ್ರಾನೈಟ್ ನೆಲದ ಮೇಲೆ ಮಕ್ಕಳನ್ನು ಎತ್ತಿ ಬೀಳಿಸುವುದು ಬೇಡ, ಬಾಡಿಗೆ ಬಿಡುವ ಮೊದಲು ಮ್ಯಾಟ್ ಇದೆಯೇ ಕೇಳಿ. ನಮ್ಮ ಮೊಹಲ್ಲಾದಲ್ಲಿ ಮುಂದಿನ ಬೆಲ್ಟ್ ಪರೀಕ್ಷೆಯ ಫೀಸಿನ ಪಟ್ಟಿಯಲ್ಲಿ ಮೌತ್ ಗಾರ್ಡ್ ಸೇರಿಸಬೇಕೆಂದು ಪೋಷಕರು ಬರೆದುಕೊಟ್ಟಿದ್ದಾರೆ. ಮೊದಲ ಸಹಿ ಆ ಹುಡುಗನ ತಂದೆಯದ್ದು. ಹುಡುಗ ಈಗ ‘ಫಾ’ ಬಂದಾಗ ನಾಲಗೆ ಮುಂದೆ ಚಾಚಿ ಹೇಗೋ ದಾಟಿಸುತ್ತಾನೆ. ನಾವು ತಿದ್ದುವುದಿಲ್ಲ.