ಕಮಾನು ಅಂಟಿಸಿದ್ರೆ ಲ್ಯಾಬ್ ಹಳೇ ಕ್ಯಾಂಪಸ್ಸಿಗೆ ಹೊಂದಲ್ಲ

(1/4)
ನಮ್ಮ ಕಾಲೇಜಿನ ಹೊಸ ಸೈನ್ಸ್ ಬ್ಲಾಕಿನ ರೆಂಡರ್ ಎಲ್ಲರ ಸ್ಟೋರಿಯಲ್ಲೂ ಓಡಾಡ್ತಿದೆ. ಹಳೇ ಕಲ್ಲುಕಟ್ಟಡದ ಪಕ್ಕ ನಾಲ್ಕು ಮಹಡಿ, ಸಾಲಾಗಿ ಕಮಾನುಗಳು, ತುದಿಗೊಂದು ಪುಟ್ಟ ಗುಮ್ಮಟ. ಕಮೆಂಟ್ ತುಂಬಾ "ಸೂಪರ್, ಹೆರಿಟೇಜ್ ಲುಕ್!" ನನ್ನ ಪ್ರಶ್ನೆ ಒಂದೇ: ಫ್ಯೂಮ್ ಹುಡ್ಡಿನ ಗಾಳಿ ಎಲ್ಲಿಂದ ಹೊರಗೆ ಹೋಗುತ್ತೆ? ಚಿತ್ರದಲ್ಲಿ ಒಂದೇ ಒಂದು ಡಕ್ಟ್ ಇಲ್ಲ.

ಆರ್ಕಿಟೆಕ್ಚರ್ ಓದದವರಿಗೆ ಹೇಳ್ತೀನಿ. ಕೆಮಿಸ್ಟ್ರಿ ಲ್ಯಾಬ್ ಅಂದ್ರೆ ಸಿಂಕ್ ಇರೋ ಕ್ಲಾಸ್‌ರೂಮ್ ಅಲ್ಲ. ಫ್ಯೂಮ್ ಹುಡ್ಡಿನ ಬಾಯಲ್ಲಿ ಗಾಳಿ ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ವೇಗದಲ್ಲಿ ಒಳಗೆ ಎಳೀತಾ ಇರಬೇಕು. ಆ ಗಾಳಿಯನ್ನ ಡಕ್ಟಿನಲ್ಲಿ ಮೇಲಕ್ಕೆ ಒಯ್ದು, ಚಾವಣಿಗಿಂತ ಕನಿಷ್ಠ 3 ಮೀಟರ್ ಎತ್ತರದಲ್ಲಿ ಬಿಡಬೇಕು ಅನ್ನೋದು ಬಳಕೆಯಲ್ಲಿರೋ ನಿಯಮ. ಈ ಡಕ್ಟುಗಳಿಗೆ, ಗ್ಯಾಸ್ ಲೈನಿಗೆ, ನೀರಿಗೆ ಜಾಗ ಬೇಕು. ಅದಕ್ಕೇ ಲ್ಯಾಬಿನ ಒಂದೊಂದು ಮಹಡಿಯೂ ಸಾಮಾನ್ಯವಾಗಿ 4 ಮೀಟರ್ ದಾಟುತ್ತೆ. ಮೊದಲೇ ಜಾಗ ಇಡದಿದ್ರೆ? ಉದ್ಘಾಟನೆ ಆದ ಮೇಲೆ ಯಾರೋ ಬಂದು ಕಿಟಕಿಯ ಗಾಜು ತೆಗೆದು ಪೈಪ್ ಹೊರಗೆ ಹಾಕ್ತಾರೆ. ಮುಂಭಾಗ ಕೆಡಬಾರದಲ್ಲ, ಹಿಂಭಾಗಕ್ಕೇ ಹಾಕ್ತಾರೆ. ನಮ್ಮಲ್ಲಿ ಹಿಂಭಾಗ ಅಂದ್ರೆ ಲೈಬ್ರರಿಯ ಓದೋ ಹಾಲ್. ಅಲ್ಲಿ ಕೂತು ಉಸಿರಾಡೋದು ನಾವು.

(2/4)
ಇದೇ ತಲೆನೋವು 1957ರಲ್ಲಿ ಲೂಯಿ ಕಾನ್‌ಗೂ ಬಂದಿತ್ತು. ಅಹಮದಾಬಾದಿನ ಐಐಎಂ ವಿನ್ಯಾಸ ಮಾಡಿದ ಅದೇ ಕಾನ್. ಜಾಗ ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ. ಕೆಲಸ ರಿಚರ್ಡ್ಸ್ ಮೆಡಿಕಲ್ ರಿಸರ್ಚ್ ಲ್ಯಾಬೊರೇಟರಿ. ಹತ್ತಿರದಲ್ಲೇ 1890ರ ದಶಕದಿಂದ ಕಟ್ಟುತ್ತ ಬಂದ ಇಟ್ಟಿಗೆಯ ಹಾಸ್ಟೆಲುಗಳು, ಅವುಗಳ ಗೋಪುರ, ಚಿಮಣಿ. ಕಾನ್ ಒಂದು ಗಾಥಿಕ್ ಕಮಾನನ್ನೂ ನಕಲು ಮಾಡಲಿಲ್ಲ. ಪೈಪು, ಡಕ್ಟು ಕಂಡ್ರೆ ಅವರಿಗೆ ಆಗ್ತಿರಲಿಲ್ಲ, ಅಷ್ಟು ಆಗಲ್ಲ ಅಂತಲೇ ಅವಕ್ಕೆ ಸರಿಯಾದ ಜಾಗ ಕೊಡಬೇಕು ಅಂದವರು. ಹೊಲಸು ಗಾಳಿಗೆ, ಮೆಟ್ಟಿಲಿಗೆ ಬೇರೆ ಬೇರೆ ಇಟ್ಟಿಗೆ ಗೋಪುರ ಎಬ್ಬಿಸಿದ್ರು. ದೂರದಿಂದ ನೋಡಿದ್ರೆ ಆ ಗೋಪುರಗಳು ಹಳೇ ಚಿಮಣಿಗಳ ನೆಂಟರ ಹಾಗೆ ಕಾಣ್ತವೆ. ಲ್ಯಾಬಿಗೆ ಬೇಕಾದದ್ದೇ ಕ್ಯಾಂಪಸ್ಸಿಗೂ ಹೊಂದಿತು. ನಾನು ಹೊಂದೋದು ಅಂತ ಹೇಳ್ತಿರೋದು ಇದನ್ನ.

ಹಾಗಂತ ಕಾನ್ ಭಕ್ತರು ಹಿಗ್ಗೋದು ಬೇಡ. 1960ರಲ್ಲಿ ಒಳಗೆ ಹೋದ ವಿಜ್ಞಾನಿಗಳಿಗೆ ಬಿಸಿಲಿನ ಕಾಟ. ಮೂಲೆಯ ದೊಡ್ಡ ಗಾಜುಗಳಿಗೆ ಅಲ್ಯೂಮಿನಿಯಂ ಫಾಯಿಲ್, ಕಾಗದ ಅಂಟಿಸಿಕೊಂಡು ಕೆಲಸ ಮಾಡಿದ್ರು. ನಮ್ಮ ಸ್ಟುಡಿಯೋದಲ್ಲಿ ಗೋಪುರದ ಸ್ಲೈಡ್ ಹತ್ತು ಸಲ ಬರುತ್ತೆ, ಫಾಯಿಲ್ ಮಾತ್ರ ಒಂದು ಸಲವೂ ಬರಲ್ಲ.

(3/4)
"ಎಲ್ಲರೂ ಕಾನ್ ಆಗೋಕಾಗುತ್ತಾ ಗುರು" ಅಂತ ಡಿಎಂ ಬಂತು. ಆಗಬೇಕಿಲ್ಲ. ಪ್ರಿನ್ಸ್‌ಟನ್‌ನ ಲೂಯಿಸ್ ಥಾಮಸ್ ಲ್ಯಾಬ್ ನೋಡಿ, 1986. ಒಳಗಿನ ಲ್ಯಾಬುಗಳನ್ನ ಪಯೆಟ್ ಸಂಸ್ಥೆ ಮಾಡಿತು, ಹೊರಗಿನ ಗೋಡೆ ರಾಬರ್ಟ್ ವೆಂಚುರಿಯವರ ಆಫೀಸಿನದು. ಉದ್ದನೆಯ ಸಾದಾ ಡಬ್ಬ, ಮೈಮೇಲೆ ಇಟ್ಟಿಗೆ ಮತ್ತು ಕಲ್ಲುಬಣ್ಣದ ಚೌಕುಳಿ. ಅಲಂಕಾರಾನೇ, ಸರಿ. ಆದ್ರೆ ಗೋಡೆ ನಾನು ಗೋಡೆ ಅಂತಾನೇ ಹೇಳುತ್ತೆ, ಒಳಗಿನ ಲ್ಯಾಬ್ ಲ್ಯಾಬ್ ಆಗೇ ಇದೆ. ನಮ್ಮ ರೆಂಡರ್‌ನಲ್ಲಿ ಭಾರ ಹೊರೋದು ಆರ್‌ಸಿಸಿ ಬೀಮು, ಅದರ ಮುಂದೆ ಏನೂ ಹೊರದ ಕಮಾನು. ಪಕ್ಕದ ಹಳೇ ಕಟ್ಟಡದಲ್ಲಿ ಕಮಾನು ನಿಜಕ್ಕೂ ಗೋಡೆಯ ಭಾರ ಹೊತ್ತು ನಿಂತಿದೆ. ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ ಗೌರವ ಅನ್ನೋದು ಹಳೇದಕ್ಕೆ ಮಾಡೋ ಅಣಕ.

(4/4)
ಅಮೆರಿಕದ ಕಥೆ ನಮಗ್ಯಾಕೆ ಅನ್ನೋರು ಬೆಂಗಳೂರಿನ ಐಐಎಸ್‌ಸಿಗೆ ಹೋಗಿ ಬನ್ನಿ. ಗೋಪುರವಿರೋ ಆ ಕಲ್ಲಿನ ಮುಖ್ಯ ಕಟ್ಟಡ ಎಲ್ಲರಿಗೂ ಗೊತ್ತು. ನಾಜಿಗಳಿಂದ ತಪ್ಪಿಸಿಕೊಂಡು ಬಂದು ಮೈಸೂರು ಸರ್ಕಾರದ ಮುಖ್ಯ ವಾಸ್ತುಶಿಲ್ಪಿಯಾದ ಆಟೊ ಕೋನಿಗ್ಸ್‌ಬರ್ಗರ್, 1940ರ ದಶಕದಲ್ಲಿ ಅದೇ ಕ್ಯಾಂಪಸ್ಸಲ್ಲಿ ಏರೋನಾಟಿಕಲ್ ವಿಭಾಗಕ್ಕೆ ಕಟ್ಟಡ ಮಾಡಿದ್ರು. ಮುಖ್ಯ ಕಟ್ಟಡದ ಗೋಪುರವನ್ನ ನಕಲು ಮಾಡಲಿಲ್ಲ. ನಮ್ಮ ಬಿಸಿಲು, ನಮ್ಮ ಗಾಳಿ ನೋಡಿ ಕಟ್ಟೋದು ಅವರ ದಾರಿ. ಮುಂದೆ ಅದರ ಬಗ್ಗೆ ಪಠ್ಯಪುಸ್ತಕವನ್ನೇ ಬರೆದವರು.

ಗುರುವಾರ ಓಪನ್ ಹೌಸ್ ಇದೆ. ಸೀನಿಯರ್ಸ್, ಜೂನಿಯರ್ಸ್ ಎಲ್ಲರೂ ಬನ್ನಿ. ಮುಂಭಾಗದ ಚಿತ್ರ ತೋರಿಸಿದಾಗ ಚಪ್ಪಾಳೆ ತಟ್ಟಬೇಡಿ, ಸೆಕ್ಷನ್ ಡ್ರಾಯಿಂಗ್ ಕೇಳಿ. ಶಾಫ್ಟ್ ಎಲ್ಲಿದೆ? ಚಿಮಣಿ ಎಷ್ಟೆತ್ತರ, ಮಳೆಗಾಲದ ಗಾಳಿ ಬೀಸಿದಾಗ ಅದು ಬಿಟ್ಟದ್ದು ಯಾರ ಕಿಟಕಿಗೆ ಬರುತ್ತೆ? ಹಳೇ ಕಟ್ಟಡದ ಸೂರಿಗಿಂತ ಎಷ್ಟು ಮೇಲೆ ಹೋಗ್ತಿದ್ದೀರಿ? ಪಶ್ಚಿಮದ ಗೋಡೆಗೆ ನೆರಳು ಕೊಡ್ತಿರೋ ಆ ಎರಡು ಮಳೆಮರ ಪ್ಲಾನಿನಲ್ಲಿ ಯಾಕಿಲ್ಲ? "ಅದೆಲ್ಲ ಆಮೇಲೆ ಕನ್ಸಲ್ಟೆಂಟ್ ನೋಡ್ಕೋತಾರೆ" ಅಂದ್ರೆ, ಹಾಗಾದ್ರೆ ಇನ್ನೂ ಡಿಸೈನ್ ಆಗಿಲ್ಲ ಸರ್ ಅಂತ ಮರ್ಯಾದೆಯಿಂದಲೇ ಹೇಳಿ.

ಬೇರೆ ಕಾಲೇಜಿನವರು ನಿಮ್ಮ ಲ್ಯಾಬ್ ಕಟ್ಟಡದ ಫೋಟೋ ಕಳಿಸಿ, ಮುಂದಿನ ಸೀರೀಸಿಗೆ ಹಾಕ್ತೀನಿ. ಮುಂಭಾಗ ಬೇಡ, ಹಿಂಭಾಗದ್ದು.

#ಲ್ಯಾಬ್‌ಹಿಂಭಾಗ #ಹಳೇಕ್ಯಾಂಪಸ್ #ಸೆಕ್ಷನ್‌ತೋರಿಸಿ