ಜಗಳ ಮುಗಿಯುವ ಬಗೆ

1798ರ ಜನವರಿಯಲ್ಲಿ ಅಮೆರಿಕದ ಪ್ರತಿನಿಧಿ ಸಭೆಯೊಳಗೆ ವರ್ಮಾಂಟ್ ರಾಜ್ಯದ ಮ್ಯಾಥ್ಯೂ ಲಯನ್ ಎದುರು ಪಕ್ಷದ ರಾಜರ್ ಗ್ರಿಸ್ವೋಲ್ಡರ ಮುಖಕ್ಕೆ ಉಗುಳಿದರು. ಮರುತಿಂಗಳು ಗ್ರಿಸ್ವೋಲ್ಡ್ ಸದನದಲ್ಲೇ ಅವರನ್ನು ಕೋಲಿನಿಂದ ಬಾರಿಸಿದರೆ, ಲಯನ್ ಬೆಂಕಿ ಕೆದಕುವ ಇಕ್ಕಳ ಹಿಡಿದು ತಿರುಗಿಬಿದ್ದರು. ಅದೇ ವರ್ಷ ಅಧ್ಯಕ್ಷ ಜಾನ್ ಆಡಮ್ಸರ ಫೆಡರಲಿಸ್ಟ್ ಪಕ್ಷ ರಾಜದ್ರೋಹದ ಕಾಯ್ದೆ ತಂದಿತು. ಸರ್ಕಾರವನ್ನೋ ಸಂಸತ್ತನ್ನೋ ಅಧ್ಯಕ್ಷರನ್ನೋ ಹಳಿದು ಬರೆದವರಿಗೆ ಎರಡು ವರ್ಷದವರೆಗೆ ಜೈಲು. ಉಪಾಧ್ಯಕ್ಷರಿಗೆ ಮಾತ್ರ ಆ ರಕ್ಷಣೆ ಇರಲಿಲ್ಲ. ಉಪಾಧ್ಯಕ್ಷರಾಗಿದ್ದವರು ವಿರೋಧಿ ಬಣದ ಥಾಮಸ್ ಜೆಫರ್ಸನ್. ಅವರನ್ನು ಯಾರು ಎಷ್ಟು ಬೈದರೂ ಈ ಕಾಯ್ದೆಯ ಅಡ್ಡಿಯಿರಲಿಲ್ಲ. ಆಡಮ್ಸರನ್ನು ಟೀಕಿಸಿದ ಲಯನ್ ನಾಲ್ಕು ತಿಂಗಳು ಜೈಲು ಸೇರಿದರು. ಒಳಗಿದ್ದುಕೊಂಡೇ ಮತ್ತೆ ಗೆದ್ದರು.

ಅಮೆರಿಕದ ರಾಜಕೀಯ ಈಗ ಕೆಟ್ಟಷ್ಟು ಹಿಂದೆಂದೂ ಕೆಟ್ಟಿರಲಿಲ್ಲ ಎಂದು ಅಲ್ಲಿ ಮತ ಹಾಕುವ ಕನ್ನಡಿಗರೂ ಇಲ್ಲಿ ಕೂತು ನೋಡುವ ನಾವೂ ಹೇಳುತ್ತಿರುತ್ತೇವೆ. ಬಾಯಿಯ ಮಟ್ಟಿಗೆ ಈ ಮಾತು ನಿಲ್ಲುವುದಿಲ್ಲ. ಆ ದೇಶದ ಪಕ್ಷಗಳು ಹುಟ್ಟಿದ್ದೇ ಕಚ್ಚಾಡುತ್ತ. ನಾವು ನೋಡಬೇಕಾದದ್ದು ಬೇರೆ: ಆ ಜಗಳಗಳು ಹೇಗೆ ಮುಗಿದವು, ಮುಗಿಸಿದ್ದರ ಬೆಲೆಯನ್ನು ಯಾರು ತೆತ್ತರು.

1800ರ ಚುನಾವಣೆಯಲ್ಲಿ ಆಡಮ್ಸ್ ಸೋತರು. ಗೆದ್ದ ಪಕ್ಷದೊಳಗೇ ತೊಡಕು ಬಿತ್ತು. ಅಧ್ಯಕ್ಷ ಸ್ಥಾನಕ್ಕೆಂದು ನಿಂತ ಜೆಫರ್ಸನ್ನರಿಗೂ ಉಪಾಧ್ಯಕ್ಷ ಸ್ಥಾನಕ್ಕೆಂದು ನಿಂತ ಏರನ್ ಬರ್‌ಗೂ ತಲಾ 73 ಮತ. ಅಂದಿನ ಸಂವಿಧಾನದಲ್ಲಿ ಎರಡು ಸ್ಥಾನಗಳಿಗೆ ಬೇರೆ ಬೇರೆ ಮತ ಹಾಕುವ ಏರ್ಪಾಡೇ ಇರಲಿಲ್ಲ. ನಿರ್ಣಯ ಪ್ರತಿನಿಧಿ ಸಭೆಗೆ ಬಂತು. ಮೂವತ್ತೈದು ಸುತ್ತು ಮತದಾನವಾದರೂ ಯಾರಿಗೂ ಬಹುಮತವಿಲ್ಲ. 1801ರ ಫೆಬ್ರುವರಿ 17ರಂದು, ಮೂವತ್ತಾರನೆಯ ಸುತ್ತಿನಲ್ಲಿ, ಕೆಲವು ಫೆಡರಲಿಸ್ಟರು ಮತ ಹಾಕದೆ ದೂರ ಉಳಿದಾಗ ಗಂಟು ಬಿಚ್ಚಿಕೊಂಡಿತು. ವರ್ಮಾಂಟಿನ ಇನ್ನೊಬ್ಬ ಸದಸ್ಯರು ಸರಿದು ನಿಂತದ್ದರಿಂದ ಆ ರಾಜ್ಯದ ಮತ ಲಯನ್ನರ ಕೈಗೆ ಬಂತು. ಜೈಲಿಗೆ ಹೋಗಿ ಬಂದಾತ ಅದನ್ನು ಜೆಫರ್ಸನ್ನರಿಗೆ ಕೊಟ್ಟರು. ಪ್ರಮಾಣವಚನದ ದಿನ ಬೆಳಗಾಗುವ ಮೊದಲೇ ಆಡಮ್ಸ್ ಗಾಡಿ ಹತ್ತಿ ವಾಷಿಂಗ್ಟನ್ ಬಿಟ್ಟರು. ಮುಖ ಕೊಟ್ಟು ಶುಭಾಶಯ ಹೇಳಲಿಲ್ಲ, ನಿಜ. ಆದರೆ ಹೊರಟುಹೋದರು. ಸೈನ್ಯವನ್ನು ಕರೆಯಲಿಲ್ಲ, ಕುರ್ಚಿಯನ್ನು ಅಪ್ಪಿ ಹಿಡಿಯಲಿಲ್ಲ. ಗೆದ್ದವರು ರಾಜದ್ರೋಹದ ಕಾಯ್ದೆಯ ಅವಧಿ ಮುಗಿದಾಗ ಅದನ್ನು ತಮ್ಮ ಅನುಕೂಲಕ್ಕೆ ಮತ್ತೆ ಜೀವಗೊಳಿಸಲಿಲ್ಲ.

ಪತ್ರಿಕೆ ನಡೆಸುವ ನಮ್ಮನ್ನು ಈ ಕಥೆಯಲ್ಲಿ ಹೆಚ್ಚು ಕಾಡುವವರು ಜೇಮ್ಸ್ ಕ್ಯಾಲೆಂಡರ್. ಜೆಫರ್ಸನ್ನರಿಂದ ಗುಟ್ಟಾಗಿ ಹಣ ಪಡೆದು ಆಡಮ್ಸರನ್ನು ಹರಿದು ಹಾಕಿದ ಬರಹಗಾರ. ಅದಕ್ಕಾಗಿ ಒಂಬತ್ತು ತಿಂಗಳ ಶಿಕ್ಷೆ. ಹೊರಬಂದು ಅಂಚೆ ಅಧಿಕಾರಿಯ ಹುದ್ದೆ ಕೇಳಿದರು, ಸಿಗಲಿಲ್ಲ. 1802ರಲ್ಲಿ ಅದೇ ಲೇಖನಿ ಜೆಫರ್ಸನ್ನರ ಕಡೆ ತಿರುಗಿತು: ಅಧ್ಯಕ್ಷರು ತಮ್ಮ ಗುಲಾಮಳಾದ ಸ್ಯಾಲಿ ಹೆಮಿಂಗ್ಸಳಲ್ಲಿ ಮಕ್ಕಳನ್ನು ಪಡೆದಿದ್ದಾರೆ ಎಂದು ಬರೆದರು. ಬರೆದದ್ದು ಸೇಡಿಗೆ, ಭಾಷೆ ಹೊಲಸು. ಮೂಲ ಸಂಗತಿಯನ್ನು ಮಾತ್ರ ಇಂದು ಹೆಚ್ಚಿನ ಇತಿಹಾಸಕಾರರು ಒಪ್ಪುತ್ತಾರೆ; 1998ರ ಡಿಎನ್‌ಎ ಪರೀಕ್ಷೆಯೂ ಅದಕ್ಕೆ ಪುಷ್ಟಿ ಕೊಟ್ಟಿತು. ಎರಡೂ ಪಕ್ಷಗಳು ಆ ಹೆಂಗಸಿನ ಹೆಸರನ್ನು ಎಳೆದಾಡಿದವು. ಆಕೆಗೇನಾಯಿತು, ಆಕೆ ಏನು ಬಯಸಿದ್ದಳು ಎಂದು ಅವುಗಳಲ್ಲಿ ಯಾವುದೂ ಕೇಳಲಿಲ್ಲ.

ಇಂಥ ಕೇಳದಿರುವಿಕೆ 1877ರಲ್ಲಿ ಒಂದು ಜನಾಂಗದ ಪಾಲಿಗೇ ಬಂತು. ಹಿಂದಿನ ವರ್ಷದ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷದ ಸ್ಯಾಮ್ಯುಯೆಲ್ ಟಿಲ್ಡನ್ ಜನಮತದಲ್ಲಿ ಮುಂದಿದ್ದರು. ಎಲೆಕ್ಟೋರಲ್ ಮತಗಳಲ್ಲಿ ಬೇಕಾದದ್ದು 185, ಅವರ ಬಳಿ ಇದ್ದದ್ದು 184. ಫ್ಲಾರಿಡಾ, ಲೂಯಿಸಿಯಾನ, ದಕ್ಷಿಣ ಕ್ಯಾರೊಲಿನಾ, ಜೊತೆಗೆ ಓರೆಗಾನಿನ ಒಂದು, ಒಟ್ಟು ಇಪ್ಪತ್ತು ಮತಗಳ ಮೇಲೆ ತಕರಾರು. ಹದಿನೈದು ಜನರ ಆಯೋಗ ಕೂತು, ಪಕ್ಷದ ಗೆರೆ ದಾಟದೆ, 8-7ರಂತೆ ಇಪ್ಪತ್ತನ್ನೂ ರಿಪಬ್ಲಿಕನ್ ಪಕ್ಷದ ರದರ್‌ಫೋರ್ಡ್ ಹೇಯ್ಸರಿಗೆ ಕೊಟ್ಟಿತು. ಎಣಿಕೆಯನ್ನು ತಡೆಹಿಡಿಯುವ ಬೆದರಿಕೆ ಎದ್ದಾಗ ಎರಡೂ ಕಡೆಯ ಕೆಲವು ಮುಖಂಡರು ವಾಷಿಂಗ್ಟನ್ನಿನ ವರ್ಮ್ಲಿ ಹೋಟೆಲಿನಲ್ಲಿ ಸೇರಿದರು. ಆ ಮಾತುಕತೆಯ ತೂಕವೆಷ್ಟು ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ನಡೆದದ್ದು ಇಷ್ಟು: ಮಾರ್ಚ್‌ನಲ್ಲಿ ಹೇಯ್ಸ್ ಅಧ್ಯಕ್ಷರಾದರು, ಏಪ್ರಿಲ್‌ನಲ್ಲಿ ದಕ್ಷಿಣದ ಕೊನೆಯ ಎರಡು ರಾಜ್ಯಗಳ ಶಾಸನಭವನಗಳ ಕಾವಲಿಗಿದ್ದ ಸೈನಿಕರು ಬ್ಯಾರಕ್ಕಿಗೆ ಮರಳಿದರು. ಗುಲಾಮಗಿರಿಯಿಂದ ಬಿಡುಗಡೆಯಾಗಿ ಮತದ ಹಕ್ಕು ಪಡೆದಿದ್ದ ಕಪ್ಪು ಜನರಿಗೆ ಅಳಿದುಳಿದ ಆಸರೆಯೂ ಹೋಯಿತು. ಮುಂದಿನ ದಶಕಗಳಲ್ಲಿ ಹಿಂಸೆಯಿಂದ, ತೆರಿಗೆಯಿಂದ, ಅಕ್ಷರ ಪರೀಕ್ಷೆಯ ನೆಪದಿಂದ ಆ ಹಕ್ಕನ್ನು ಕಿತ್ತುಕೊಳ್ಳಲಾಯಿತು. ಅದನ್ನು ಕಾನೂನಿನ ಬಲದಿಂದ ಮರಳಿ ಪಡೆಯಲು 1965ರವರೆಗೆ ಕಾಯಬೇಕಾಯಿತು. ಆ ಹೋಟೆಲಿನ ಮಾಲೀಕ ಜೇಮ್ಸ್ ವರ್ಮ್ಲಿ ಸ್ವತಃ ಕಪ್ಪು ಮನುಷ್ಯ.

ಪಕ್ಷಗಳು ಕೂಡಿ ಬಾಳಿದರೆ ದೇಶ ನೆಮ್ಮದಿಯಾಗಿರುತ್ತದೆ ಎನ್ನುವವರಿಗೆ ನಾನು 1877ನ್ನು ತೋರಿಸುತ್ತೇನೆ. ಅಂದು ಸಂಸತ್ತಿನಲ್ಲಿ ರಾಜಿಯಾಗದೆ ಇನ್ನಷ್ಟು ಜಗಳವಾಗಿದ್ದರೇ ಒಳ್ಳೆಯದಿತ್ತು.

ಇನ್ನು ನಮ್ಮ ಕಾಲ. ಅಮೆರಿಕದಲ್ಲಿ ಎಲೆಕ್ಟೋರಲ್ ಮತಗಳ ಎಣಿಕೆಯ ಅಧ್ಯಕ್ಷತೆ ಉಪಾಧ್ಯಕ್ಷರದು. ಆತನೇ ಸೋತ ಅಭ್ಯರ್ಥಿಯಾಗಿದ್ದರೆ ತನ್ನ ಸೋಲನ್ನು ತಾನೇ ಘೋಷಿಸಬೇಕು. 1961ರಲ್ಲಿ ರಿಚರ್ಡ್ ನಿಕ್ಸನ್ ಹಾಗೆ ಮಾಡಿದರು. ಹವಾಯಿಯಿಂದ ಎರಡು ಬಗೆಯ ಪಟ್ಟಿ ಬಂದಾಗ ಎದುರಾಳಿ ಕೆನಡಿಯವರ ಪಟ್ಟಿಯನ್ನೇ ಒಪ್ಪಿದರು. ಮುಂದೆ ಬೇರೆ ಹಗರಣದಲ್ಲಿ ಪದವಿ ಬಿಟ್ಟ ಅದೇ ನಿಕ್ಸನ್. ಫ್ಲಾರಿಡಾದಲ್ಲಿ 537 ಮತಗಳಿಂದ ಹಿಂದೆ ಬಿದ್ದು, ಸುಪ್ರೀಂ ಕೋರ್ಟು ಮರುಎಣಿಕೆ ನಿಲ್ಲಿಸಿದ್ದರಿಂದ ದಾರಿ ಮುಚ್ಚಿಹೋದ ಆಲ್ ಗೋರ್, 2001ರ ಜನವರಿ 6ರಂದು ತಮ್ಮ ಪರವಾಗಿ ಎದ್ದ ಸ್ವಪಕ್ಷದ ಸದಸ್ಯರ ಆಕ್ಷೇಪಗಳನ್ನು, ಸೆನೆಟರೊಬ್ಬರ ಸಹಿ ಇಲ್ಲವೆಂದು, ಒಂದೊಂದಾಗಿ ತಳ್ಳಿಹಾಕಿದರು. ಆ ಕೋರ್ಟಿನ ತೀರ್ಪು ಸರಿಯೆಂದು ನನಗೆ ಇಂದಿಗೂ ಅನಿಸಿಲ್ಲ. ಗೋರ್ ಅಂದು ನಡೆದುಕೊಂಡ ರೀತಿಯ ಬಗ್ಗೆ ನನ್ನ ಗೌರವ ಮಾತ್ರ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ.

2021ರಲ್ಲಿ, ಚುನಾವಣೆ ಸೋತಿದ್ದ ಅಧ್ಯಕ್ಷ ಟ್ರಂಪ್ ಸೋಲನ್ನು ಒಪ್ಪಲಿಲ್ಲ. ಎಣಿಕೆ ತಡೆಯುವಂತೆ ತಮ್ಮದೇ ಉಪಾಧ್ಯಕ್ಷ ಮೈಕ್ ಪೆನ್ಸ್ ಮೇಲೆ ಒತ್ತಡ ಹಾಕಿದರು. ಗುಂಪು ಸಂಸತ್ ಭವನಕ್ಕೆ ನುಗ್ಗಿ ಪೆನ್ಸರನ್ನು ನೇಣಿಗೆ ಹಾಕಿ ಎಂದು ಕೂಗಿತು. ಅಡಗಿ ಕೂರಬೇಕಾಗಿ ಬಂದ ಪೆನ್ಸ್ ಅದೇ ರಾತ್ರಿ ಮರಳಿ ಪೀಠಕ್ಕೆ ಬಂದು, ಬೆಳಗಿನ ಜಾವ ಎಣಿಕೆ ಮುಗಿಸಿದರು. ಇದನ್ನು ಹಳೆಯ ಕಚ್ಚಾಟದ ಮುಂದುವರಿಕೆ ಎಂದು ಕರೆಯಲಾರೆ. ಆಡಮ್ಸ್ ಮುನಿಸಿಕೊಂಡು ಊರು ಬಿಟ್ಟದ್ದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ.

2022ರ ಡಿಸೆಂಬರಿನಲ್ಲಿ ಸಂಸತ್ತು ಕಾನೂನನ್ನು ಬಿಗಿಗೊಳಿಸಿತು. ಉಪಾಧ್ಯಕ್ಷರದು ಓದಿ ಹೇಳುವ ಕೆಲಸವಷ್ಟೇ ಎಂದು ಬರೆಯಿತು. ಆಕ್ಷೇಪಕ್ಕೆ ಎರಡೂ ಸದನಗಳಲ್ಲಿ ಐದನೆಯ ಒಂದು ಭಾಗ ಸದಸ್ಯರ ಸಹಿ ಬೇಕೆಂದಿತು. ಆ ಕಾನೂನಿನ ಕೆಳಗೆ 2025ರ ಜನವರಿ 6ರಂದು ಆಗಿನ ಉಪಾಧ್ಯಕ್ಷೆ, ಸೋತ ಅಭ್ಯರ್ಥಿ ಕಮಲಾ ಹ್ಯಾರಿಸ್ ತಮ್ಮ 226, ಟ್ರಂಪ್ 312 ಎಂಬ ಲೆಕ್ಕವನ್ನು ಓದಿದರು. ಯಾವ ಆಕ್ಷೇಪವೂ ಬರಲಿಲ್ಲ. ಆ ಸಲ ಸೋತ ಪಕ್ಷ ಸೋಲನ್ನು ಒಪ್ಪಿತ್ತು, ಹಾಗಾಗಿ ಕಾನೂನಿನ ಗಟ್ಟಿತನ ಇನ್ನೂ ಪರೀಕ್ಷೆಗೆ ಒಳಗಾಗಿಲ್ಲ. ಈಗಿನ ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್, ಪೆನ್ಸ್ ಜಾಗದಲ್ಲಿ ತಾವಿದ್ದಿದ್ದರೆ ರಾಜ್ಯಗಳಿಂದ ಬೇರೆ ಪಟ್ಟಿಗಳನ್ನೂ ತರಿಸಿ ಸಂಸತ್ತಿನ ಮುಂದಿಡುತ್ತಿದ್ದುದಾಗಿ 2024ರಲ್ಲಿ ಬಹಿರಂಗವಾಗಿ ಹೇಳಿದ್ದಾರೆ. ಅವಧಿ ಪೂರೈಸಿದರೆ 2029ರ ಜನವರಿ 6ರಂದು ಆ ಪೀಠದಲ್ಲಿ ಕೂರುವವರು ಅವರೇ.